ಕೇಳದೆ ಉಳಿಸಿದ ಮಾತು

ಗೋಡೆಗಳು ಮಾತನ್ನು ಹಿಡಿದಿಟ್ಟುಕೊಳ್ಳುತ್ತವೆ. ಯಾರಾದರೂ ಕಿವಿಗೊಟ್ಟಾಗಲೆಲ್ಲ ಆ ಮಾತು ಸೋಪಿನಂತೆ ಸವೆಯುತ್ತದೆ. ಅದಕ್ಕೇ ಎಲ್ಲರ ಮನೆಯಲ್ಲೂ ಸತ್ತವರ ಕೋಣೆಯ ಗೋಡೆಗೆ ಕಂಬಳಿ ಇಳಿಬಿಡುತ್ತಾರೆ.

ಸಾವಂತ್ರವ್ವನ ಗಂಡ ಸತ್ತದ್ದು ಸೆರೆಮನೆಯಲ್ಲಿ. ಸರ್ಕಾರದ ವಿರುದ್ಧ ಭಾಷಣ ಮಾಡಿದ್ದಕ್ಕೆ ಹಿಡಿದೊಯ್ದಿದ್ದರು. ಆ ಸೆರೆಮನೆ ಈಗ ಸ್ಮಾರಕ. ಅವಳು ವರ್ಷವರ್ಷವೂ ಬಂದು ಅವನ ಕೋಣೆಯ ಬಾಗಿಲಲ್ಲೇ ನಿಂತು ಹೋಗುತ್ತಿದ್ದಳು. ತೀರಾ ತಡೆಯಲಾಗದ ದಿನಕ್ಕೆ ಇರಲಿ ಎಂದು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಈಗೀಗ ಕಿವಿ ಮಂದವಾಗುತ್ತಿತ್ತು. ಇವತ್ತು ಕೇಳಲೇಬೇಕು.

ಒಳಗೆ ಹೋಗಿ ಗೋಡೆಗೆ ಕಿವಿ ಒತ್ತಿದಳು. ಏನೂ ಕೇಳಲಿಲ್ಲ. ಇನ್ನೊಂದು ಕಿವಿ ಒತ್ತಿದಳು.

“ನಿಮ್ಮ ಕಿವೀದು ತಪ್ಪಲ್ಲ, ಯವ್ವಾ,” ಎಂದಳು ಗೈಡ್ ಫರ್ಜಾನಾ. “ಸಾಲಿ ಮಕ್ಕಳು ದಿನಾ ಬಂದು ಕೇಳಿ ಕೇಳಿ ಸವದ ಹೋಗೇತಿ.”

“ಏನಂತಿದ್ರವಾ ನಮ್ಮವರು?”

“‘ಸಾವಂತ್ರೀ, ಬಂದಿ ಏನ?’ ಅಷ್ಟ. ಮಕ್ಕಳು ‘ಹೂಂ, ಬಂದೀನಿ’ ಅಂತ ಒದರಿ ನಗತಿದ್ವು.”

ಸಾವಂತ್ರವ್ವ ಗೋಡೆಗೆ ಬಾಯಿ ಹಚ್ಚಿದಳು.

“ಬಂದಿದ್ನಿರೀ,” ಎಂದಳು. “ವರ್ಷಾ ಬಂದಿದ್ನಿ. ಇಲ್ಲೇ ಬಾಗಿಲದಾಗ ನಿಂತಿದ್ನಿ.”