ಅತ್ತೆ ಇಳಿಸಿದ ಹೊಗೆಗೂಡು

ಒದ್ದೆ ಮಸಿಯ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ಹೊಸಪೇಟೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಎಂಟು ವರ್ಷದ ಹುಡುಗಿ. ಅಪ್ಪನ ತಂಗಿ, ನಮ್ಮ ಅತ್ತೆ, ಗಂಡ ತೀರಿಕೊಂಡ ಮೇಲೆ ಕಂಪ್ಲಿಯಿಂದ ತನ್ನ ಮಗ್ಗವನ್ನು ಬಿಚ್ಚಿ ಬಂಡಿಯಲ್ಲಿ ಹೇರಿಕೊಂಡು ನಮ್ಮಲ್ಲಿಗೆ ಬಂದಿದ್ದಳು.

“ಮಗ್ಗಕ್ಕ ಜಾಗ ಎಲ್ಲೈತವ್ವಾ? ಮಾರಿಬಿಡು” ಎಂದಿದ್ದ ಅಪ್ಪ.

ಹಿಂದೆ ಯಾರೋ ಬಿಳಿ ಸಾಹೇಬ ಕಟ್ಟಿಸಿದ್ದ ಮನೆಯದು. ಅವನು ಚಳಿ ಕಾಯಿಸಿಕೊಳ್ಳಲು ಮಾಡಿಸಿದ್ದ ಒಲೆಯ ಹೊಗೆಗೂಡು ಪಡಸಾಲೆಯ ಗೋಡೆಯಿಂದ ಎರಡು ಮೊಳ ಮುಂದೆ ಚಾಚಿ, ಮಾಳಿಗೆಯ ಮೇಲಕ್ಕೂ ಎದ್ದಿತ್ತು. ಅದನ್ನು ತೆಗೆದರೆ ಮಗ್ಗ ಹಿಡಿಸುತ್ತದೆಂದು ಅತ್ತೆ ಹಗ್ಗದಿಂದ ಅಳೆದು ನೋಡಿದಳು. ಅಪ್ಪ ಅಂಗಡಿಗೆ ಹೋದ ಮೇಲೆ ಗಾರೆ ಕೆಲಸದ ಗೌಂಡಿಯನ್ನು ಕರೆಸಿದಳು.

ಅವನು ಬುಡಕ್ಕೇ ಹಾರೆ ಇಟ್ಟ.

“ಬುಡ ಕಿತ್ತರ ಮ್ಯಾಲಿನ ಭಾರ ಯಾರು ಹೊರಬೇಕು? ಮಾಳಿಗಿಂದ ಇಳಿಸ್ಕೊಂತ ಬಾ” ಎಂದಳು ಅತ್ತೆ.

“ನಿಮಗದೆಲ್ಲ ತಿಳಿಯಂಗಿಲ್ಲ, ಒಳಗ ಹೋಗ್ರಿ ಅಕ್ಕಾರ” ಎಂದು ಅವನು ನಕ್ಕ.

ಅತ್ತೆ ಸೆರಗು ಬಿಗಿದು, ಏಣಿ ಹತ್ತಿ, ಮೊದಲ ಇಟ್ಟಿಗೆಯನ್ನು ತಾನೇ ಕಿತ್ತಳು. ಗೌಂಡಿ ನಗು ನಿಲ್ಲಿಸಿ ಹಿಂದೆಯೇ ಹತ್ತಿದ. ಧೂಳು ಏಳದಂತೆ ನಾನು ನೀರು ಚಿಮುಕಿಸುತ್ತಿದ್ದೆ. ಹಸಿ ಮಸಿ ಬೆರಳಿಗೆ ಬೆಣ್ಣೆಯಂತೆ ಮೆತ್ತುತ್ತಿತ್ತು.

ಸಂಜೆ ಅಪ್ಪ ಬಂದಾಗ ಮಾಳಿಗೆಯ ಮೇಲಿನದೆಲ್ಲ ಇಳಿದಿತ್ತು. ಅತ್ತೆಯ ಮುಖದಲ್ಲಿ ಕಣ್ಣುಗಳಷ್ಟೇ ಬೆಳ್ಳಗಿದ್ದವು.

“ಅಣ್ಣಾ, ಉಳಿದದ್ದು ನಾಳೆ ಇಳೀತೈತಿ. ನಾಡದು ಮಗ್ಗ ಹೂಡ್ತೀನಿ.”

ಅಪ್ಪ ಅಂಗಿ ಕಳಚಿ ನನ್ನ ಕೈಗೆ ಕೊಟ್ಟು, ಇಟ್ಟಿಗೆ ತುಂಬಿದ ಬುಟ್ಟಿಯನ್ನು ತಲೆಗೇರಿಸಿಕೊಂಡ.