ಮೇಲ್ಮನವಿ ಇಲ್ಲ

ತಪ್ಪೊಪ್ಪಿಗೆಯ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಟ್ರೀವಾ ಕೊನೇ ಸಲ ಕೇಳಿದಳು, ಮುಂದೆ ಮೇಲಿನ ಕೋರ್ಟಿಗೆ ಹೋಗುವ ಹಾಗೇ ಇಲ್ಲವಾ ಅಂತ. ಇಲ್ಲ, ಎಂದರು ವಕೀಲ ಶೂಮೇಟ್. ಮೇಲ್ಮನವಿ ಇಲ್ಲ, ಶಿಕ್ಷೆ ಜಾಸ್ತಿಯಾಯಿತೆಂಬ ತಕರಾರಿಲ್ಲ, ವಕೀಲ ಸರಿಯಾಗಿ ಕೆಲಸ ಮಾಡಲಿಲ್ಲವೆಂಬ ದೂರೂ ಇಲ್ಲ. ಸರ್ಕಾರದ ಕಡೆಯವರು ಎಲ್ಲರಿಂದಲೂ ಹೀಗೇ ಬರೆಸಿಕೊಳ್ಳುತ್ತಾರಂತೆ. ಅವಳು ಸಹಿ ಹಾಕಿದಳು.

ಅವಳ ತಪ್ಪಾದರೂ ಏನು? ಪಶ್ಚಿಮ ವರ್ಜೀನಿಯಾದ ಆ ಬೆಟ್ಟಗಳಲ್ಲಿ ಜಿಂಕೆ ಬೇಟೆಯ ವಾರ ಶಾಲೆಗೂ ರಜೆ. ಅಣ್ಣ ಡೆಲ್ಮಸ್ ಹಳೇ ಜೈಲುಹಕ್ಕಿ, ಕೋವಿ ಕೊಳ್ಳುವಂತಿಲ್ಲ. ಊರೆಲ್ಲ ಕಾಡಿಗೆ ಹೋದಾಗ ಅವನೊಬ್ಬ ಮನೆಯಲ್ಲಿ ಕೂರಬೇಕಲ್ಲ ಎಂದು ಇವಳ ಕರುಳು ಚುರ್ರೆಂದಿತು. ಅಂಗಡಿಯ ಫಾರಂನಲ್ಲಿ ‘ನನಗಾಗಿ’ ಎಂದು ಸುಳ್ಳು ಬರೆದು ರೈಫಲ್ ತಂದುಕೊಟ್ಟಳು. ಅಷ್ಟಕ್ಕೇ ಕೇಂದ್ರ ಸರ್ಕಾರದ ಫೆಡರಲ್ ಕೇಸಾಯಿತು, ಡೆಲ್ಮಸ್ ಮತ್ತೆ ಒಳಗೆ ಹೋದ.

ಅವಳ ಭಯವೆಲ್ಲ ಆರು ವರ್ಷದ ಮಗಳು ಜೋಸಿಯದು. ಮಗುವಿಗೆ ಬೇರೆ ದಿಕ್ಕಿಲ್ಲ. ತಾಯಿ ಜೈಲಿಗೆ ಹೋದರೆ ಅದು ಸರ್ಕಾರ ಗೊತ್ತುಮಾಡಿದ ಯಾರದೋ ಮನೆಯಲ್ಲಿ ಬೆಳೆಯಬೇಕು. ತಪ್ಪೊಪ್ಪಿಕೊಂಡರೆ ಒಪ್ಪಂದದ ಪ್ರಕಾರ ಹದಿನೆಂಟು ತಿಂಗಳು. ವಿಚಾರಣೆ ನಡೆಸಿ ಸೋತರೆ ಐದು ವರ್ಷ.

ಶೂಮೇಟರಂಥ ವಕೀಲ ಸಿಗುವುದು ಪುಣ್ಯ ಬಿಡಿ. ಕೋರ್ಟು ನೇಮಿಸಿಕೊಟ್ಟ ವಕೀಲರು ಫೋನೂ ಎತ್ತುವುದಿಲ್ಲ ಅನ್ನುತ್ತಾರೆ. ಮೊದಮೊದಲು ಇವರೂ ಹಾಗೇ ಇದ್ದರು. ಜೂನ್ ಬಂದದ್ದೇ ತಡ, ವಾರವಾರ ಮನೆಗೇ ಬರತೊಡಗಿದರು. ಜೋಸಿಗೆ ಬೂಟು ಕೊಡಿಸಿದರು. ಒಪ್ಪಂದದ ಒಂದೊಂದು ಸಾಲನ್ನೂ ಓದಿ ಹೇಳಿದರು.

ಕೋರ್ಟಿನಲ್ಲಿ ನ್ಯಾಯಾಧೀಶರು ಪಟ್ಟಿ ಹಿಡಿದು ಕೇಳುತ್ತ ಹೋದರು. ಯಾರಾದರೂ ಹೆದರಿಸಿದರೇ? ಇಲ್ಲ. ಮಾತ್ರೆ ಏನಾದರೂ ನುಂಗಿದ್ದೀರಾ? ಇಲ್ಲ. ಮೇಲ್ಮನವಿಯ ಹಕ್ಕು ಬಿಟ್ಟುಕೊಡುತ್ತಿರುವುದು ಗೊತ್ತೇ? ಗೊತ್ತು.

“ನಿಮ್ಮ ವಕೀಲರ ಕೆಲಸ ತೃಪ್ತಿಯಾಗಿದೆಯೇ?”

“ಒಡಹುಟ್ಟಿದೋನೂ ಇಷ್ಟು ಮಾಡ್ಲಿಲ್ಲ ಸಾರ್,” ಎಂದಳು ಟ್ರೀವಾ. “ದೇವರು ಇವರನ್ನ ಚೆನ್ನಾಗಿಟ್ಟಿರ್ಲಿ.”

ಶೂಮೇಟರ ಕಣ್ಣು ತುಂಬಿಬಂತು. ನ್ಯಾಯಾಧೀಶರು ಹದಿನೆಂಟು ತಿಂಗಳು ಎಂದರು. ಕರೆದೊಯ್ಯುವಾಗ ಟ್ರೀವಾ ಬಿಕ್ಕುತ್ತಲೇ ತಿರುಗಿ, ಜೋಸಿಯನ್ನು ಆಗಾಗ ನೋಡಿಕೊಂಡು ಬರಬೇಕೆಂದು ಬೇಡಿಕೊಂಡಳು. ಪಾಪ, ಅವಳಿಗೆ ಕೇಳಲು ಬೇರೆ ಯಾರಿದ್ದರು?

“ನೋಡ್ಕೊಂಡು ಬರ್ತೀನಮ್ಮ,” ಎಂದರು ಶೂಮೇಟ್.

ಕಚೇರಿಗೆ ಮರಳಿ ಬಾಗಿಲು ಹಾಕಿಕೊಂಡರು. ಅವಳ ಕಡತದ ತಳದಿಂದ ಸರ್ಕಾರಿ ವಕೀಲರ ಮೊದಲ ಪತ್ರವನ್ನು ಎಳೆದು ತೆಗೆದರು. ಮಾರ್ಚ್ ಹತ್ತರೊಳಗೆ ತಪ್ಪೊಪ್ಪಿಕೊಂಡರೆ ಜೈಲು ಬೇಡ, ಮಗಳ ಜೊತೆ ಮನೆಯಲ್ಲೇ ಇರಲಿ, ಎರಡು ವರ್ಷದ ನಿಗಾ ಸಾಕು ಎಂದಿತ್ತು ಅದರಲ್ಲಿ.

ಆ ಲಕೋಟೆಯನ್ನು ಶೂಮೇಟ್ ಒಡೆದು ನೋಡಿದ್ದೇ ಜೂನ್ ತಿಂಗಳಲ್ಲಿ.