ಒಳಗೆ ಉಳಿದ ಪ್ರತಿ

ಮುಂದಿನ ಪೀಠಾಧಿಪತಿ ಎಂದು ಮಠಕ್ಕೆ ಕರೆತಂದಿದ್ದ ಮರಿಸ್ವಾಮಿಗೆ, ಪಟ್ಟದ ದಿನ ಹತ್ತಿರವಾದಂತೆಲ್ಲ ಉಟ್ಟ ಕಾವಿಯೇ ಭಾರವಾಗತೊಡಗಿತು. ಪೂಜೆಗೂ ಪ್ರಸಾದಕ್ಕೂ ನಡುವಿನ ಬಿಡುವಿನಲ್ಲಿ ಅವನು ಮಠದ ಆಫೀಸಿನ ಕಂಪ್ಯೂಟರಿನಲ್ಲಿ ಸನ್ಯಾಸ ಬಿಟ್ಟು ಮನೆಗೆ ಮರಳುವುದು ಹೇಗೆಂದು ಹುಡುಕಿ ಓದಿ, ಎಲ್ಲವನ್ನೂ ಅಳಿಸಿಬಿಟ್ಟಿದ್ದ.

ಇವತ್ತು ರಿಪೇರಿಗೆ ಬಂದವನು ಹಿರಿಯ ಸ್ವಾಮಿಗಳಿಗೆ ಕೈಮುಗಿದು ಹೇಳುತ್ತಿದ್ದ. "ಅಳಿಸಿದ್ರೂ ಪೂರ್ತಿ ಹೋಗಲ್ಲ ಬುದ್ದಿ. ನೋಡಿದ ಪುಟ, ತೆರೆದ ಇ-ಮೇಲು, ಎಲ್ಲದರದ್ದೂ ಒಂದು ಪ್ರತಿ ಒಳಗೆ ತಾತ್ಕಾಲಿಕ ಫೈಲಾಗಿ ಕೂತಿರುತ್ತೆ. ಅದು ತುಂಬಿಯೇ ಪಾಪ, ಇದು ಹೀಗೆ ಏದುಸಿರು ಬಿಡ್ತಿರೋದು. ಟ್ರಸ್ಟಿನ ಅಧ್ಯಕ್ಷರು ಒಂದ್ಸಲ ಎಲ್ಲಾ ನೋಡ್ಬೇಕಂತೆ. ಆಮೇಲೆ ತೆಗೀತೀನಿ."

ಅವನು ಕಾಫಿಗೆ ಹೋದ. ಹಿರಿಯರು ಬಾಗಿಲು ಮುಚ್ಚಿ, ಕಣ್ಣೂ ಮುಚ್ಚಿ ಕುಳಿತರು. ಮರಿಸ್ವಾಮಿ ಗೂಟಕ್ಕೆ ಬಿಗಿದ ಕರುವಿನಂತೆ ನಿಂತಲ್ಲೇ ನಿಂತಿದ್ದ. ಕೊನೆಗೆ ಅವರ ಪಾದ ಹಿಡಿದ.

"ತಪ್ಪಾಯ್ತು ಬುದ್ದಿ. ಮಠ ಬಿಟ್ಟು ಹೋಗೋ ದಾರಿ ಹುಡುಕಿದ್ದೆ. ಅದೆಲ್ಲಾ ಅದರೊಳಗಿದೆ."

ಹಿರಿಯರು ನಿಧಾನವಾಗಿ ಕಣ್ಣು ತೆರೆದರು.

"ಸದ್ಯ, ಬದುಕಿಸಿದೆ ಮರಿ. ಯಾವುದು ನಿನ್ನದು, ಯಾವುದು ನನ್ನದು ಅಂತ ಅಧ್ಯಕ್ಷರಿಗೆ ಗೊತ್ತಾಗಲ್ಲ ಬಿಡು."